ಮೂರ್ತಿಯವರು ಮುಂದೆ ಬಂದು ನಿಂತರು

ಐವತ್ತು ದಾಟಿದ ಮೇಲೆ ಜನ ಸಾಮಾನ್ಯವಾಗಿ ಯೋಗ ಶುರು ಮಾಡುತ್ತಾರೆ, ಇಲ್ಲವೇ ಸಕ್ಕರೆ ಬಿಡುತ್ತಾರೆ. ಸಿಂಗಾಪುರದ ಹೌಗಾಂಗ್‌ನ ವೆಂಕಟೇಶಮೂರ್ತಿಯವರು ಐಸ್ ಹಾಕಿ ತಂಡದ ಗೋಲ್‌ಕೀಪರ್ ಆದರು. ಕೇಳಿದವರು ನಗುತ್ತಾರೆ. ನಗಲಿ ಬಿಡಿ.

ಆಂಗ್ ಮೋ ಕಿಯೋದ ಚಿಪ್ ಕಂಪನಿಯೊಂದರಲ್ಲಿ ಅವರು ಎಂಜಿನಿಯರ್. ಲಿಫ್ಟ್ ಕೆಟ್ಟರೆ ರಿಪೇರಿಯವನ ಹೆಗಲ ಮೇಲಿಂದ ಇಣುಕಿ ನೋಡದೆ ಮನೆಗೆ ಹೋಗುವ ಜಾಯಮಾನದವರಲ್ಲ. ಮಗಳು ಧೃತಿಯ ಹಾಕಿ ಬ್ಯಾಗ್ ಹೊತ್ತು ಮಂಜುಗಡ್ಡೆ ಹಾಸಿದ ರಿಂಕಿಗೆ ಹೋಗುತ್ತಿದ್ದ ಕಾಲದಲ್ಲಿ, ಮಫ್ಲರ್ ಸುತ್ತಿಕೊಂಡು ಬೆಂಚಿನಲ್ಲಿ ಕುಳಿತು ಸಿಕ್ಕಸಿಕ್ಕವರ ತಲೆ ತಿನ್ನುತ್ತಿದ್ದರು. ಆ ಕಪ್ಪು ರಬ್ಬರ್ ಬಿಲ್ಲೆ, ಅದೇ ಪಕ್, ಯಾಕೆ ಪುಟಿಯುವುದಿಲ್ಲ? ಆಟಕ್ಕೆ ಮುಂಚೆ ಅದನ್ನು ಫ್ರೀಜರಿನಲ್ಲಿಡುತ್ತಾರೆ ಎಂದು ಗೊತ್ತಾದ ದಿನ ಊಟದ ಉದ್ದಕ್ಕೂ ಅದೇ ಪುರಾಣ. ಕೊನೆಗೆ ಕುತೂಹಲ ತಡೆಯಲಾರದೆ ತಾವೇ ಸ್ಕೇಟಿಂಗ್ ಕ್ಲಾಸಿಗೆ ಸೇರಿ, ಬಿದ್ದು ಎದ್ದು ಕಲಿತರು.

ಧೃತಿ ಆಡುವ ತಂಡದ ಗೋಲ್‌ಕೀಪರ್ ಸುಘೋಷ್ ಮಣಿಕಟ್ಟು ಮುರಿದುಕೊಂಡಾಗ ಬದಲಿಗೆ ಯಾರೂ ಸಿಗಲಿಲ್ಲ. "ಅಪ್ಪ ಮೈಸೂರಲ್ಲಿ ಕಾಲೇಜ್ ಟೀಮಿನ ವಿಕೆಟ್ ಕೀಪರ್ ಆಗಿದ್ರು. ಕ್ಯಾಚ್ ಬಿಡಲ್ಲ. ಟ್ರೈ ಮಾಡಿ ನೋಡೋಣ," ಎಂದವಳು ಧೃತಿಯೇ.

ಮೂರ್ತಿಯವರು ಅದನ್ನು ಕೇಳಿ ಒಳಗೊಳಗೇ ಹಿಗ್ಗಿಹೋದರು. ಯಾಕೆಂದರೆ ಈಚೆಗೆ ಮನೆಯಲ್ಲಿ ಮಗಳ ಬಾಯಿಂದ "ಹ್ಞೂಂ", "ಆಮೇಲೆ" ಬಿಟ್ಟರೆ ಮೂರನೆಯ ಮಾತು ಬೀಳುತ್ತಿರಲಿಲ್ಲ. ಅವರು ತಂಡಕ್ಕೆ ಸೇರಿ ಪ್ರಾಕ್ಟೀಸ್ ಶುರುವಾದ ಮೇಲೆ ರಿಂಕಿನಲ್ಲಿ ಮಾತ್ರ, "ಅಪ್ಪಾ, ಎಡಗಡೆ ನೋಡು, ನಿದ್ದೆ ಮಾಡ್ತಿದೀಯಾ?" ಎಂದು ದಬಾಯಿಸುತ್ತಿದ್ದಳು. ಆ ದಬಾಯಿಸುವಿಕೆ ಅವರಿಗೆ ಸಕ್ಕರೆಯ ಹಾಗಿತ್ತು. ಗೋಲಿನ ಜಾಗ ಹೋದರೆ ಮತ್ತೆ ಬ್ಯಾಗ್ ಹೊರುವ ಕೆಲಸ, ಮತ್ತೆ ಅದೇ "ಹ್ಞೂಂ".

ಮೊದಲ ಪಂದ್ಯದಲ್ಲೇ ಎಡವಟ್ಟಾಯಿತು. ಗುಂಡಿನಂತೆ ಬಂದ ಪಕ್ಕನ್ನು ಅವರು ಗ್ಲೌಸಿನಲ್ಲಿ ಚೊಕ್ಕವಾಗಿ ಹಿಡಿದರು. ಆದರೆ ವಿಕೆಟ್ ಕೀಪರ್ ಆದವನು ಚೆಂಡು ಬಂದಾಗ ಕೈ ಬಿಗಿ ಹಿಡಿಯುವುದಿಲ್ಲ, ಅದು ಹೋಗುವ ದಿಕ್ಕಿಗೇ ಹಿಂದಕ್ಕೆ ಬಿಟ್ಟುಕೊಡುತ್ತಾನೆ. ಮೂರ್ತಿಯವರ ಕೈಯೂ ಹಿಂದಕ್ಕೆ ಹೋಯಿತು, ಪಕ್ಕನ್ನು ಕರೆದುಕೊಂಡು ಗೋಲಿನ ಗೆರೆ ದಾಟಿತು. ರೆಫರಿ ಗೋಲ್ ಎಂದ. ಕ್ಯಾಚ್ ಹಿಡಿದ ಖುಷಿಯಲ್ಲಿ ಗ್ಲೌಸ್ ಎತ್ತಿ ತೋರಿಸುತ್ತಿದ್ದ ಮೂರ್ತಿಯವರಿಗೆ ಎದುರು ತಂಡ ಯಾಕೆ ಕುಣಿಯುತ್ತಿದೆ ಎಂದು ತಿಳಿಯಲೇ ಇಲ್ಲ. ಪಂದ್ಯ ಆ ಒಂದು ಗೋಲಿನಿಂದ ಕೈತಪ್ಪಿತು.

"ಅಂಕಲ್, ಮುಂದಿನ ಮ್ಯಾಚ್ ಗೆಲ್ಲಲೇಬೇಕು, ಇಲ್ಲಾಂದ್ರೆ ಲೀಗಿಂದ ಔಟ್," ಎಂದ ಕ್ಯಾಪ್ಟನ್ ಕರಣ್, ನೆಲ ನೋಡುತ್ತ. "ಮತ್ತೆ ಹೀಗಾದ್ರೆ ಬೇರೆ ಟೀಮಿಂದ ಯಾರನ್ನಾದ್ರೂ ಕರೆಸ್ಬೇಕಾಗತ್ತೆ. ಸಾರಿ ಲಾ." ಎಮ್‌ಆರ್‌ಟಿ ರೈಲಿನಲ್ಲಿ ಧೃತಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕಿಟಕಿ ಕಡೆ ತಿರುಗಿದಳು. ತಾನೇ ಶಿಫಾರಸು ಮಾಡಿದ ಅಪ್ಪನಿಂದ ತಂಡದ ಮುಂದೆ ತಲೆತಗ್ಗಿಸಬೇಕಾಯಿತಲ್ಲ ಎಂಬ ಸಿಟ್ಟು ಅವಳ ಬೆನ್ನಲ್ಲೇ ಕಾಣುತ್ತಿತ್ತು.

ಮರುದಿನ ಬೆಳಿಗ್ಗೆ ಮೂರ್ತಿಯವರು ಹೆಂಡತಿ ಅಲಮೇಲುವಿನ ರಂಗೋಲಿ ಡಬ್ಬಿ ಹಿಡಿದು, ಅವರನ್ನೂ ಕರೆದುಕೊಂಡು, ಫ್ಲ್ಯಾಟುಗಳ ಕೆಳಗಿನ ಖಾಲಿ ಜಾಗಕ್ಕೆ, ಅದೇ ವಾಯ್ಡ್ ಡೆಕ್ಕಿಗೆ, ಇಳಿದರು. ಅಲ್ಲಿ ಚೆಂಡಾಟ ನಿಷೇಧ ಎಂಬ ಬೋರ್ಡಿನ ಕೆಳಗೇ ಒಂದು ಗೆರೆ ಎಳೆದು, ಅಲಮೇಲುವಿನ ಕೈಗೆ ಟೆನ್ನಿಸ್ ಚೆಂಡು ಕೊಟ್ಟರು. "ಜೋರಾಗಿ ಎಸಿ. ನನ್ನ ಕೈ ಎಷ್ಟು ಹಿಂದೆ ಹೋಗತ್ತೆ ನೋಡ್ಬೇಕು."

ಮದುವೆಯಾದಂದಿನಿಂದ ಕೂಡಿಟ್ಟಿದ್ದ ಸಿಟ್ಟನ್ನೆಲ್ಲ ಸೇರಿಸಿ ಎಸೆದರು ಅಲಮೇಲು. ಕೈ ಪ್ರತಿ ಸಲವೂ ಹೆಚ್ಚುಕಡಿಮೆ ಒಂದು ಮೊಳ ಹಿಂದೆ ಹೋಗುತ್ತಿತ್ತು. ಬಿಗಿ ಹಿಡಿಯಲು ನೋಡಿದರೆ ಚೆಂಡು ಚಿಮ್ಮಿ ಬೀಳುತ್ತಿತ್ತು.

"ಕೈ ಬದಲಾಗಲ್ಲ ಅಂದ್ರೆ ನೀವೇ ಮುಂದೆ ಬಂದು ನಿಂತ್ಕೊಳ್ರೀ. ಗೆರೆಗೆ ಯಾಕೆ ಅಂಟ್ಕೋತೀರ?" ಎಂದರು ಅಲಮೇಲು.

"ಫಾಸ್ಟ್ ಬೌಲರ್‌ಗೆ ಹಿಂದೆ ನಿಲ್ಬೇಕು ಕಣೇ," ಎನ್ನಲು ಹೋಗಿ ಮೂರ್ತಿಯವರ ಬಾಯಿ ಅರ್ಧಕ್ಕೇ ನಿಂತಿತು. ಹಿಂದೆ ನಿಲ್ಲುವುದು ಕ್ರಿಕೆಟ್ಟಿಗೆ. ಇಲ್ಲಿ ಬೆನ್ನ ಹಿಂದೆ ಗೋಲಿದೆ. ಇಷ್ಟು ದಿನ ಪ್ರಾಕ್ಟೀಸಿನಲ್ಲಿ ಕರಣ್ "ಅಂಕಲ್, ಮುಂದೆ ಬನ್ನಿ" ಎಂದು ಗಂಟಲು ಹರಿದುಕೊಂಡಿದ್ದು, ಪಾಪದ ಹುಡುಗನಿಗೆ ಕೀಪಿಂಗ್ ಗೊತ್ತಿಲ್ಲ ಎಂದು ಇವರು ಕನಿಕರಪಟ್ಟಿದ್ದು, ಎಲ್ಲ ಒಟ್ಟಿಗೆ ನೆನಪಾಗಿ ಕಿವಿ ಬಿಸಿಯಾಯಿತು.

ಎರಡನೆಯ ಪಂದ್ಯದಲ್ಲಿ ಅವರು ಮುಂದೆಯೇ ನಿಂತರು. ಕಾಲಿಗೆ ತಗಲಿ, ಎದೆಗೆ ತಗಲಿ, ಒಂದು ಸಲ ಹೆಲ್ಮೆಟ್ಟಿಗೂ ತಗಲಿ ಪಕ್ಕುಗಳು ಆಚೆ ಹೋದವು. ಒಂದು ಮಾತ್ರ ಕಾಲಸಂದಿಯಲ್ಲಿ ನುಸುಳಿತು. ಧೃತಿಯ ತಂಡ ಎರಡು ಹೊಡೆದಿತ್ತು. ಆಟ ಮುಗಿಯುವ ಹೊತ್ತಿಗೆ ಎದುರಾಳಿ ತಂಡದ ಎತ್ತರದ ಹುಡುಗಿಯೊಬ್ಬಳು ಎಲ್ಲರನ್ನೂ ತಪ್ಪಿಸಿಕೊಂಡು ಒಬ್ಬಳೇ ನುಗ್ಗಿ ಬಂದಳು. ಮೂರ್ತಿಯವರ ಕಾಲು ಹಿಂದಕ್ಕೆ ಎಳೆಯಿತು. ಇಷ್ಟು ಹೆದರಿಕೆ ಅವರಿಗೆ ಯಾವತ್ತೂ ಆಗಿರಲಿಲ್ಲ. ಆದರೂ ಮುಂದಕ್ಕೇ ಜಾರಿದರು.

ಅವಳು ಹೊಡೆದಳು. ಪಕ್ ಗ್ಲೌಸಿನೊಳಗೆ ಬಿತ್ತು. ಕೈ ತನ್ನ ಹಳೆಯ ಚಾಳಿಯಂತೆ ಹಿಂದಕ್ಕೆ ಹೋಯಿತು, ಮೈಯೂ ಅದರ ಜೊತೆಗೆ ಅಂಗಾತ ಬಿದ್ದು ಗೋಲಿನ ಕಡೆಗೆ ಜಾರಿತು. ಅಷ್ಟರಲ್ಲಿ ಸಮಯ ಮುಗಿದ ಹಾರ್ನ್. ಮೂರ್ತಿಯವರಿಗೆ ಮೇಲಿನ ದೀಪ ಕಾಣುತ್ತಿತ್ತು, ತಲೆಯ ಹಿಂದೆ ಚಾಚಿದ ಕೈ ಎಲ್ಲಿದೆ ಎಂಬುದು ಕಾಣುತ್ತಿರಲಿಲ್ಲ. ಗೆರೆ ದಾಟಿದ್ದರೆ ಎರಡು-ಎರಡು ಸಮ, ಎಲ್ಲ ಮುಗಿದ ಹಾಗೆ.

ಯಾರೋ ಪಕ್ಕದಲ್ಲಿ ದೊಪ್ಪನೆ ಬಿದ್ದರು. ಧೃತಿ. ಅಪ್ಪನ ಮಣಿಕಟ್ಟನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದಳು. "ಅಪ್ಪಾ, ಅಲ್ಲಾಡ್ಬೇಡ. ಅಲ್ಲೇ ಇರ್ಲಿ. ಉಸಿರಾಡು, ಆದ್ರೆ ಅಲ್ಲಾಡ್ಬೇಡ."

ರೆಫರಿ ಬಗ್ಗಿ ನೋಡಿದ. ಗ್ಲೌಸಿಗೂ ಕೆಂಪು ಗೆರೆಗೂ ನಡುವೆ ಅಂಗೈಯಗಲ ಬಿಳಿ ಮಂಜುಗಡ್ಡೆ ಉಳಿದಿತ್ತು. ಗೋಲ್ ಅಲ್ಲ ಎಂದು ಎರಡೂ ತೋಳು ಬೀಸಿದ. ಕರಣ್ ಕೋಲು ಎಸೆದು ಕೂಗುತ್ತ ಬಂದ, ತಂಡವೆಲ್ಲ ಬಂದು ಮೇಲೆ ಬಿತ್ತು.

ಎಲ್ಲರೂ ಎದ್ದು ಕೈ ಕುಲುಕುವ ಸಾಲಿನಲ್ಲಿ ನಿಲ್ಲಲು ಹೊರಟರು. ಧೃತಿ ಮಾತ್ರ ಹೆಲ್ಮೆಟ್ಟಿನೊಳಗೆ ಅಳುತ್ತ ನಗುತ್ತ ಇನ್ನೂ ಆ ಕೈಯನ್ನು ಹಿಡಿದೇ ಇದ್ದಳು. ಬೆನ್ನು ಮರಗಟ್ಟುತ್ತಿದ್ದರೂ, ಎದ್ದರೆ ಎಲ್ಲಿ ಬಿಟ್ಟುಬಿಡುತ್ತಾಳೋ ಎಂದು ಮೂರ್ತಿಯವರು ಇನ್ನೂ ಸ್ವಲ್ಪ ಹೊತ್ತು ಮಲಗಿಯೇ ಇದ್ದರು.