ಕುಂಯ್ ಅಕ್ಕನ ಏಳು ಸೆಕೆಂಡು

ಟಿವಿಯಲ್ಲಿ ಯಾರಾದರೂ ಹೊಲಸು ಮಾತಾಡಿದಾಗ ಆ ಪದದ ಮೇಲೆ ‘ಕುಂಯ್’ ಎಂಬ ಸದ್ದು ಬೀಳುತ್ತದಲ್ಲ, ಅದು ತಾನಾಗಿ ಬೀಳುವುದಿಲ್ಲ. ಅದನ್ನು ಬೀಳಿಸಲು ಒಬ್ಬರು ಕೂತಿರುತ್ತಾರೆ. ನಮ್ಮ ಚಾನೆಲ್ಲಿನಲ್ಲಿ ಹತ್ತೊಂಬತ್ತು ವರ್ಷ ಆ ಗುಂಡಿ ಒತ್ತಿದವರು ಕುಂಯ್ ಅಕ್ಕ. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿತ್ತು, ಅಷ್ಟೆ.

ನಾನು ಅದೇ ಚಾನೆಲ್ಲಿನ ಶನಿವಾರ ಸಂಜೆಯ ವಿಡಂಬನೆ ಕಾರ್ಯಕ್ರಮಕ್ಕೆ ಮಾತು ಬರೆಯುವವಳು. ನಗಬಾರದ ವಿಷಯ ಅಂತ ಲೋಕದಲ್ಲಿ ಒಂದೂ ಇಲ್ಲ ಎಂದು ಆಗ ಪೂರ್ತಿ ನಂಬಿದ್ದೆ, ಈಗಲೂ ಮುಕ್ಕಾಲು ನಂಬುತ್ತೇನೆ. ಹಾಗಾಗಿ ಅಕ್ಕನಿಗೂ ನನಗೂ ಹಾವು ಮುಂಗುಸಿ ಸಂಬಂಧ. ನಾನು ಕಷ್ಟಪಟ್ಟು ಬರೆದದ್ದನ್ನು ಅವರು ಒಂದು ಬೆರಳಲ್ಲಿ ಮುಚ್ಚುತ್ತಿದ್ದರು.

ಅವರ ಕುರ್ಚಿ ಕಂಟ್ರೋಲ್ ರೂಮಿನ ಮೂಲೆಯಲ್ಲಿತ್ತು. ಎಸಿಯ ಚಳಿಗೆ ಹೆಗಲ ಮೇಲೆ ಯಾವಾಗಲೂ ಒಂದು ಕಂದು ಶಾಲು. ಎದುರಿನ ಗೋಡೆಯ ಮೇಲೆ ಅವರದೇ ದುಂಡು ಅಕ್ಷರದ ಪಟ್ಟಿ, ನಲವತ್ತೆರಡು ನಿಷಿದ್ಧ ಪದಗಳು. ಬಂದು ಹೋಗುವವರು ಓದಿ ಕಕ್ಕಾಬಿಕ್ಕಿಯಾಗುತ್ತಾರೆಂದು ಅದರ ಮೇಲೆ ಕ್ಯಾಲೆಂಡರ್ ತೂಗುಹಾಕಿದ್ದರು. ಅನುಮಾನ ಬಂದರೆ ತಿಂಗಳನ್ನು ಎತ್ತಿ ನೋಡಬೇಕು.

ನೇರ ಪ್ರಸಾರ ಅನ್ನುವುದು ಪೂರ್ತಿ ನೇರವಲ್ಲ. ಸ್ಟುಡಿಯೋದಲ್ಲಿ ಆಡಿದ ಮಾತು ಏಳು ಸೆಕೆಂಡು ತಡವಾಗಿ ನಿಮ್ಮ ಮನೆಗೆ ಬರುತ್ತದೆ. ಅಕ್ಕನ ಎಡಕಿವಿಗೆ ಈಗಿನ ಮಾತು, ಬಲಕಿವಿಗೆ ಹೊರಗೆ ಹೋಗುತ್ತಿರುವ ಮಾತು. ಎಡಗಡೆ ಕೇಳಿದ್ದನ್ನು ಬಲಗಡೆ ಹಿಡಿದು ಮುಚ್ಚಬೇಕು. ಈ ಅಭ್ಯಾಸ ಮೈಗೆ ಹತ್ತಿಬಿಟ್ಟಿತ್ತು. ಕಾಫಿ ಬೇಕಾ ಅಂತ ಕೇಳಿದರೂ ಒಂದಿಷ್ಟು ಹೊತ್ತು ಬಿಟ್ಟೇ ಉತ್ತರ. ಅವರ ಮನೆಯವರು ಬಸ್ ಡಿಪೋದಲ್ಲಿ ಟೈಮ್ ಬರೆಯುವವರು. “ನಮ್ಮ ಮನೇಲಿ ಜಗಳ ಶುರುವಾಗೋದೇ ಲೇಟು ಕಣಮ್ಮ” ಅಂತ ಒಮ್ಮೆ ನನ್ನ ಹತ್ತಿರ ಹೇಳಿಕೊಂಡಿದ್ದರು.

ಹತ್ತೊಂಬತ್ತು ವರ್ಷದಲ್ಲಿ ಅಕ್ಕ ಎಡವಿದ್ದು ಒಂದೇ ಸಲ. ಅಡುಗೆ ಕಾರ್ಯಕ್ರಮ ನಡೆಯುವಾಗ ಮೊಣಕೈ ಗುಂಡಿಗೆ ತಾಗಿತು. ಅಡುಗೆಯಾಕೆ “ಒಂದು ಎಳೇ ಸೌತೆಕಾಯಿ ತಗೊಂಡು ಚೆನ್ನಾಗಿ ತೊಳೀರಿ” ಅಂದದ್ದು, “ಎಳೇ ಸೌತೆಕಾಯಿ ತಗೊಂಡು ಚೆನ್ನಾಗಿ ಕುಂಯ್” ಎಂದು ಊರಿಗೆಲ್ಲ ಕೇಳಿಸಿತು. ಸಂಜೆಯವರೆಗೆ ಫೋನು ಹೊಡೆದುಕೊಂಡಿತು. ಆಕೆ ತೊಳೀರಿ ಅಂದಳು ಎಂದರೆ ಒಬ್ಬರೂ ನಂಬಲಿಲ್ಲ. ಕುಂಯ್ ಅಂದ ಮೇಲೆ ಅದು ಕೊಳಕೇ, ಒಳಗೆ ಏನಿದ್ದರೂ ಸರಿ. ಇದನ್ನು ಅಕ್ಕ ಮರೆತಿರಲಿಲ್ಲ.

ಈಗ ಆ ಶನಿವಾರದ ಕಥೆಗೆ ಬರುತ್ತೇನೆ. ನಾನು ಬರೆದ ಪ್ರಹಸನ ಹೀಗಿತ್ತು: ಹೆಂಗಸರ ಕ್ಯಾನ್ಸರ್ ಬಗ್ಗೆ ಅರಿವು ಮೂಡಿಸುವ ಸಭೆ, ಮುಖ್ಯ ಅತಿಥಿ ಅರ್ಧ ಗಂಟೆ ಭಾಷಣ ಮಾಡುತ್ತಾನೆ, ಯಾವ ಅಂಗದ ಕ್ಯಾನ್ಸರ್ ಅಂತ ಮಾತ್ರ ಬಾಯಿ ಬಿಡುವುದಿಲ್ಲ. ‘ಆ ಭಾಗ’ ಅನ್ನುತ್ತಾನೆ, ‘ಅಲ್ಲಿ’ ಅನ್ನುತ್ತಾನೆ. ಕೊನೆಗೆ ಸಭೆಯಲ್ಲಿ ಕೂತ ಒಬ್ಬ ರೋಗಿ ಎದ್ದು ನಿಂತು ಪದವನ್ನು ಹೇಳುತ್ತಾಳೆ. ಮೊಲೆ. ಇದೋ ಬರೆದೆ, ಕಾಗದ ಹರಿಯಲಿಲ್ಲ. ಮೊಲೆಹಾಲು ಅಂದರೆ ಯಾರೂ ಮುಖ ತಿರುಗಿಸುವುದಿಲ್ಲ, ಹಾಲು ತೆಗೆದ ಕೂಡಲೇ ಅದು ಅಕ್ಕನ ಪಟ್ಟಿಯಲ್ಲಿ ಹದಿನೇಳನೆಯದು.

ಗುರುವಾರ ಎಲ್ಲರೂ ಕೂತು ಓದಿದೆವು. ಅತಿಥಿಯ ಪಾತ್ರ ಮಾಡುವ ನಮ್ಮ ನಟ ಹಿಂದೆ ಶಾಲೆಯಲ್ಲಿ ಪಾಠ ಮಾಡಿದವರು, ನಮಗೆಲ್ಲ ಮೇಷ್ಟ್ರು. ಅವರು ಓದುತ್ತಿದ್ದರೆ ಕ್ಯಾಮೆರಾದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಕ್ಕ ಮಾತ್ರ ಕಾಗದ ಮಡಿಸಿಟ್ಟು ಎದ್ದುಹೋದರು. ನನಗೆ ಮೈ ಉರಿಯಿತು. ಕಾಫಿ ಯಂತ್ರದ ಹತ್ತಿರ ಹೋಗಿ ಹಿಡಿದೆ.

“ಏನಕ್ಕ, ಮುಖ ಊದಿಸ್ಕೊಂಡು ಬಂದ್ರಿ? ತೀರಾ ಅತಿಯಾಯ್ತಾ?”

ಅವರು ಎಂದಿನಂತೆ ಸ್ವಲ್ಪ ಹೊತ್ತು ಬಿಟ್ಟು ಹೇಳಿದರು. “ನಮ್ಮ ಅತ್ತಿಗೆ ಹೋಗಿ ಎರಡು ವರ್ಷ ಆಯ್ತು. ಡಾಕ್ಟ್ರ ಹತ್ರ ಕರ್ಕೊಂಡು ಹೋಗಿದ್ದು ನಾನೇ. ಅತ್ತಿಗೆ ತಲೆ ಎತ್ತಲಿಲ್ಲ. ಎದೆ ನೋವು ಅಂತ ನಾನೇ ಹೇಳ್ದೆ. ಅವರು ಇಸಿಜಿ ತೆಗೆಸಿದ್ರು. ಹಾರ್ಟ್ ಗಟ್ಟಿಯಾಗಿದೆ, ಬರೀ ಗ್ಯಾಸು ಅಂತ ಸಿರಪ್ ಬರ್ಕೊಟ್ರು. ನಾವು ಖುಷಿಯಾಗಿ ಮನೆಗೆ ಬಂದ್ವಿ. ಎಂಟು ತಿಂಗಳು ಕುಡಿದ್ರು ಆ ಸಿರಪ್ಪನ್ನ.”

ಅಕ್ಕ ಕಾಫಿ ಲೋಟವನ್ನು ಯಂತ್ರದ ಪಕ್ಕ ಇಟ್ಟರು.

“ಎದೆ ಅಂದ್ರೆ ಹಾರ್ಟೂ ಹೌದು, ಧೈರ್ಯಾನೂ ಹೌದು, ಅದೂ ಹೌದು. ಡಾಕ್ಟ್ರು ಯಾವುದು ಅಂತ ತಿಳ್ಕೋಬೇಕು? ಊರೋರ ಬಾಯಿಗೆಲ್ಲ ಕುಂಯ್ ಹಾಕಿ ಹಾಕಿ, ಅವತ್ತು ನನ್ನ ಬಾಯಿಗೇ ಹಾಕ್ಕೊಂಡೆ.”

“ಹಾಗಾದ್ರೆ ಈ ಪ್ರಹಸನ ಬೇಡ ಅಂತೀರಾ?”

“ಅತಿಥಿದು ಮಾಡು, ಅವನಿಗೆ ಚೆನ್ನಾಗಿ ಉಗಿ. ಅದ್ರಲ್ಲಿ ಆಪರೇಷನ್ ಆದವಳೊಬ್ಬಳು ಬಸ್ಸಲ್ಲಿ ‘ನಂಗೆ ಅರ್ಧ ಟಿಕೆಟ್ ಕೊಡಿ’ ಅಂತಾಳಲ್ಲ, ಅದು ತೆಗಿ. ಬಾಯಿ ಮುಚ್ಚಿಸೋರನ್ನ ನೋಡಿ ನಗು. ಬಾಯಿ ಮುಚ್ಕೊಂಡು ಸತ್ತವರನ್ನ ನೋಡಿ ನಗಬೇಡ.”

ಅರ್ಧ ಟಿಕೆಟ್ ನನ್ನ ಇಡೀ ಬರಹದಲ್ಲಿ ನನಗೆ ಅತಿ ಇಷ್ಟವಾದ ಸಾಲು. ಹೊಟ್ಟೆ ಉರಿದುಕೊಂಡೇ ಹೊಡೆದುಹಾಕಿದೆ. ಅದು ಅತಿಯಾಗಿತ್ತು, ನನಗೆ ಗೊತ್ತಿತ್ತು.

ಶನಿವಾರ ಮಧ್ಯಾಹ್ನ ಚಾನೆಲ್ಲಿನ ಸಾಹೇಬರ ತೀರ್ಪು ಬಂತು. “ಮನೆಮಂದಿಯೆಲ್ಲ ಕೂತು ನೋಡೋ ಹೊತ್ತು. ಪ್ರಹಸನ ಪ್ರಸಾರ ಆಗ್ಲಿ, ಆ ಪದ ಹೊರಗೆ ಹೋಗಬಾರದು. ಅದು ಬಂದ ಕಡೆಯೆಲ್ಲ ಕುಂಯ್. ತಪ್ಪಿದ್ರೆ ಅಕ್ಕಾವ್ರೇ, ಆ ಕುರ್ಚಿ ನಿಮ್ದಲ್ಲ.” ಅಕ್ಕ ತಲೆಯಾಡಿಸಿದರು. ನನಗೆ ಅಳು ಬರುವಷ್ಟು ಸಿಟ್ಟು. ಪದವನ್ನು ಹೇಳಲಾರದವರ ಬಗ್ಗೆ ಬರೆದದ್ದರಲ್ಲಿ ಪದವನ್ನೇ ಮುಚ್ಚಿದರೆ ಉಳಿಯುವುದೇನು, ನಾನೇ ಆ ಮುಖ್ಯ ಅತಿಥಿಯಾದ ಹಾಗಾಯಿತು.

ಸಂಜೆ ಆರಕ್ಕೆ ಕೆಂಪು ದೀಪ ಹತ್ತಿತು. ನಾನು ಅಕ್ಕನ ಕುರ್ಚಿಯ ಹಿಂದೆ ನಿಂತೆ, ಕೂರಲು ಆಗಲಿಲ್ಲ. ಪರದೆಯ ಮೇಲೆ ಮೇಷ್ಟ್ರು ಹಾರ ಹಾಕಿಸಿಕೊಂಡು ಗಂಟಲು ಸರಿಮಾಡಿಕೊಂಡರು. “ತಾಯಂದಿರೇ, ಆ ಭಾಗದ ಬಗ್ಗೆ ಎಚ್ಚರ ಇರಲಿ.”

ಏಳು ಸೆಕೆಂಡು ಕಳೆಯಿತು. ಅಕ್ಕನ ಬೆರಳು ಕೆಳಗಿಳಿಯಿತು.

ಹೊರಗೆ ಹೋದದ್ದು: “ತಾಯಂದಿರೇ, ಆ ಕುಂಯ್ ಬಗ್ಗೆ ಎಚ್ಚರ ಇರಲಿ.”

ಕೈ ತಪ್ಪಿತು ಅಂದುಕೊಂಡೆ. ನೋಡಿದರೆ ಬೆರಳು ಗುಂಡಿಯ ಮೇಲೇ ಕಾಯುತ್ತಿದೆ. ಮೇಷ್ಟ್ರು ಮುಂದುವರಿಸಿದರು. “ಅಲ್ಲಿ ಗಂಟು ಕಂಡರೆ ನಾಚಿಕೆ ಬೇಡ.” ಏಳು ಸೆಕೆಂಡಿಗೆ ಸರಿಯಾಗಿ: “ಕುಂಯ್ ಗಂಟು ಕಂಡರೆ ನಾಚಿಕೆ ಬೇಡ.” ಸೌಂಡ್ ನೋಡಿಕೊಳ್ಳುವವನು ಬಾಯಿಗೆ ಕರವಸ್ತ್ರ ತುರುಕಿಕೊಂಡ. ನನಗೆ ಆಗ ಅರ್ಥವಾಯಿತು. ನಗು ಉಕ್ಕಿ ಬಂತು, ಅಕ್ಕನ ಶಾಲಿನ ತುದಿ ಹಿಡಿದುಕೊಂಡು ನಿಂತೆ. ಪ್ರತಿ ‘ಆ ಭಾಗ’ವೂ, ಪ್ರತಿ ‘ಅಲ್ಲಿ’ಯೂ, ಪ್ರತಿ ‘ಅದು’ವೂ ಹೊಲಸು ಬೈಗುಳವಾಗಿ ಹೊರಗೆ ಹೋಗುತ್ತಿತ್ತು.

ಅಷ್ಟರಲ್ಲಿ ಪರದೆಯಲ್ಲಿ ರೋಗಿ ಎದ್ದಳು. “ಎಲ್ಲಿ ಸ್ವಾಮಿ, ಬಸ್ ಸ್ಟ್ಯಾಂಡಲ್ಲಾ? ಮೊಲೆ ಅನ್ನಿ. ಮೊಲೆಯ ಕ್ಯಾನ್ಸರ್ ಅನ್ನಿ.”

ಒಂದು, ಎರಡು, ಮೂರು. ನಾಲ್ಕು, ಐದು. ಅಕ್ಕ ಗುಂಡಿಯಿಂದ ಕೈ ತೆಗೆದರು. ಆರು. ಎರಡೂ ಕೈಗಳನ್ನು ಶಾಲಿನ ಒಳಗೆ ಸೇರಿಸಿ ಕೂತರು. ಪದ ಪೂರ್ತಿಯಾಗಿ, ಸ್ವಚ್ಛವಾಗಿ, ಎಲ್ಲರ ಮನೆಗೂ ಹೋಯಿತು. ನಾನು ಅತ್ತೆ. ಯಾಕೆ ಸುಳ್ಳು ಹೇಳಲಿ, ಜೋರಾಗಿಯೇ ಅತ್ತೆ.

ಜಾಹೀರಾತು ಶುರುವಾಗುವುದಕ್ಕೂ ಸಾಹೇಬರು ಬಾಗಿಲು ತಳ್ಳಿ ಬರುವುದಕ್ಕೂ ಸರಿಹೋಯಿತು. “ಏನ್ರೀ ಇದು? ಪಟ್ಟೀಲಿರೋ ಪದ ಬಿಟ್ರಿ, ಇಲ್ಲದಿರೋ ಪದಕ್ಕೆ ಹಾಕಿದ್ರಿ?”

ಅಕ್ಕ ಏಳು ಸೆಕೆಂಡು ಸುಮ್ಮನಿದ್ದರು. “ಕೊಳಕು ಪದಕ್ಕೆ ತಾನೇ ಸರ್ ಹಾಕೋದು?”

ಸಾಹೇಬರ ಸಿಟ್ಟು ಇನ್ನಷ್ಟು ಏರಿತು. “ಎದ್ದೇಳಿ. ಪಕ್ಕದ ರೂಮಲ್ಲಿ ದೂರಿನ ಫೋನ್ ಹೊಡ್ಕೊತಿದೆ. ಹೋಗಿ ನೀವೇ ಬೈಸ್ಕೊಳ್ಳಿ. ಇನ್ಮೇಲೆ ನಿಮಗೆ ಅದೇ ಕೆಲಸ.”

ಹತ್ತೊಂಬತ್ತು ವರ್ಷದ ಕುರ್ಚಿಯಿಂದ ಅಕ್ಕ ಎದ್ದರು. ನಾನು ಅವರ ಹಿಂದೆಯೇ ಓಡಿದೆ. ಫೋನಿನ ಮಾತು ರೂಮಿಗೆಲ್ಲ ಕೇಳುವಂತೆ ಸ್ಪೀಕರಿನಲ್ಲಿತ್ತು. ಮೊದಲನೆಯವರು, ಆ ಅತಿಥಿ ಅಷ್ಟೊಂದು ಹೊಲಸು ಮಾತಾಡಿದನಲ್ಲ, ಏನಂದ ಅಂತ ಕೇಳಿದರು. “ಆ ಭಾಗ ಅಂದ್ರು ಸರ್” ಎಂದರು ಅಕ್ಕ. ಅವರು ನಂಬಲಿಲ್ಲ. ಇನ್ನೊಬ್ಬರು ಪದ ಹೇಳಿದ ರೋಗಿಗೇ ಶಾಪ ಹಾಕಿದರು. ಹೀಗೆ ಇಪ್ಪತ್ತೋ ಮೂವತ್ತೋ. ಅಕ್ಕ ಎಲ್ಲರದ್ದೂ ಕೇಳಿಸಿಕೊಂಡರು.

ಕೊನೆಗೆ ಒಬ್ಬ ಹೆಂಗಸು ಫೋನಿಗೆ ಬಂದಳು. ನಾಚಿಕೆ ಇಲ್ಲವೇ, ಸಾಯೋ ಕಾಯಿಲೆ ಇಟ್ಟುಕೊಂಡು ನಗಿಸುತ್ತೀರಲ್ಲ, ನಿಮ್ಮ ಮನೆಯಲ್ಲಿ ಹೆಣ್ಣುಮಕ್ಕಳಿಲ್ಲವೇ ಎಂದು ಉಸಿರು ತೆಗೆದುಕೊಳ್ಳದೆ ಬೈದಳು. ಬೈದು ಮುಗಿಯಿತು, ಫೋನು ಮಾತ್ರ ಇಡಲಿಲ್ಲ. ಸಾಹೇಬರೂ ಬಾಗಿಲಿಗೆ ಬಂದು ನಿಂತಿದ್ದರು.

“ಅಲ್ಲಾ,” ಅಂದಳು ಆಕೆ, ದನಿ ಇಳಿದಿತ್ತು. “ನಂಗೂ ಒಂದು ಗಂಟಿದೆ. ಅಲ್ಲಿ.”

ಅಕ್ಕ ಫೋನಿನ ಹತ್ತಿರ ಬಾಗಿದರು. ಬಾಯಿಂದಲೇ ಮೆತ್ತಗೆ ಅಂದರು, “ಕುಂಯ್.”

ಆ ಕಡೆ ಮೂಗೆಳೆದುಕೊಂಡ ಸದ್ದು, ಅದರ ಹಿಂದೆಯೇ ಅರ್ಧ ನಗು. “ಆ ಭಾಗದಲ್ಲಿ...”

“ಕುಂಯ್. ಸರಿಯಾಗಿ ಹೇಳಮ್ಮ. ಸೋಮವಾರ ಡಾಕ್ಟ್ರ ಮುಂದೆ ಹೇಳ್ಬೇಕಲ್ಲ, ಈಗ್ಲೇ ಬಾಯಿಗೆ ರೂಢಿ ಆಗ್ಲಿ.”

ಈ ಸಲ ಆಕೆಗೆ ಏಳು ಸೆಕೆಂಡಿಗಿಂತ ಹೆಚ್ಚೇ ಬೇಕಾಯಿತು. ಅಕ್ಕ ಕಾದರು. ಆಮೇಲೆ ಆಕೆ ಹೇಳಿದಳು, ಬಾಗಿಲಲ್ಲಿ ನಿಂತ ಸಾಹೇಬರಿಗೂ ಕೇಳಿಸುವ ಹಾಗೆ.