ಗೋಣಿಚೀಲದ ಮೇಲಿನ ಮಾವಂದಿರು

ಶಮಿಸೊ ಟೀಚರ್ ನಮ್ಮ ಶಾಲೆಗೆ ಬಂದ ಮೊದಲ ವಾರವೇ ಎರಡನೇ ತರಗತಿಯ ಬೆಂಚುಗಳನ್ನೆಲ್ಲ ಹೊರಗೆ ಹಾಕಿಸಿದಳು. ಪಕ್ಕದ ಕೋಣೆ ನನ್ನದು, ನಾಲ್ಕನೇ ತರಗತಿ. ಏನು ಮನೆ ಖಾಲಿ ಮಾಡುತ್ತಿದ್ದಾಳಾ ಎಂದು ನೋಡಲು ಹೋದರೆ, ಗಂಬೂಟು ಹಾಕಿಕೊಂಡು ಮೆಕ್ಕೆಜೋಳದ ಗೋಣಿಚೀಲಗಳನ್ನು ನೆಲಕ್ಕೆ ಹಾಸುತ್ತಿದ್ದಳು. ಒಂದು ಮೂಲೆಯಲ್ಲಿ ಸೋಡಾ ಬಾಟಲಿಯ ಮುಚ್ಚಳಗಳಿಂದ ಪದ ಕಟ್ಟುವುದು, ಇನ್ನೊಂದರಲ್ಲಿ ಮರಳಿನ ಮೇಲೆ ಬರೆಯುವುದು, ಹೊರಗೆ ಅತ್ತಿಮರದ ಕೆಳಗೆ ಒಬ್ಬರಿಗೊಬ್ಬರು ಓದಿ ಹೇಳುವುದು, ಕರಿಹಲಗೆಯ ಹತ್ತಿರ ಟೀಚರ್ ಜೊತೆ ಓದುವುದು. ಐದಾರು ಮಕ್ಕಳ ಒಂದೊಂದು ಗುಂಪು. ಅವಳು ನೇಗಿಲಿನ ಹಳೇ ಕಬ್ಬಿಣದ ತಟ್ಟೆಗೆ ಗಂಟೆಯಂತೆ ಬಡಿದರೆ ಎಲ್ಲರೂ ಎದ್ದು ಮುಂದಿನ ಮೂಲೆಗೆ.

"ಇದು ಪಾಠಾನಾ, ಸಂತೇನಾ?" ಅಂದೆ.

"ಸಂತೇಲಿ ಯಾರಾದ್ರೂ ನಿದ್ದೆ ಮಾಡ್ತಾರಾ, ಮಾಯಿ ಕುಂಡಾಯ್?" ಅಂದಳು. ಮಾಯಿ ಅಂದರೆ ಅಮ್ಮ, ಕುಂಡಾಯ್ ನನ್ನ ಮಗಳು. ನನ್ನ ಸ್ವಂತ ಹೆಸರನ್ನು ಗುಟು ಸೀಮೆಯಲ್ಲಿ ಯಾರೂ ಬಳಸುವುದಿಲ್ಲ.

ಬೋರ್‌ವೆಲ್ ಪಂಪು ರಿಪೇರಿ ಮಾಡುವವರ ಮಗಳು ಅವಳು. ಅಪ್ಪನ ಜೊತೆ ಊರೂರು ಸುತ್ತಿ, ಎಲ್ಲ ಊರಿನ ಶಾಲೆಯಲ್ಲೂ ಕೊನೆಯ ಬೆಂಚಿನಲ್ಲೇ ಕೂತವಳು. "ಮೇಷ್ಟ್ರು ನನ್ನ ಬೆಂಚಿಗೆ ಬರೋ ಹೊತ್ತಿಗೆ ಗಂಟೆ ಹೊಡೀತಿತ್ತು. ಹತ್ತು ವರ್ಷ ಆಗೋವರೆಗೂ ನಂಗೆ ಓದೋಕೆ ಬರ್ತಿರ್ಲಿಲ್ಲ," ಎಂದು ಒಮ್ಮೆ ನನ್ನ ಹತ್ತಿರ ಹೇಳಿದ್ದಳು. ಬೆಂಚು ಕಂಡರೆ ಅವಳಿಗೆ ಅಷ್ಟು ಸಿಟ್ಟು ಯಾಕೆಂದು ಆಗ ಅರ್ಥವಾಯಿತು.

ನಮ್ಮ ಹೆಡ್ ಮಾಸ್ಟರ್ ಜಿನ್ಯೋರೊ ಅವರಿಗೆ ಸದ್ದೆಂದರೆ ಆಗದು. ಸೂಜಿ ಬಿದ್ದರೂ ಕೇಳಿಸುವುದೇ ಒಳ್ಳೆಯ ತರಗತಿ ಅನ್ನುವವರು. ಅವರು ಬಾಗಿಲಲ್ಲಿ ನಿಂತು, ಗದ್ದಲವನ್ನೆಲ್ಲ ನೋಡಿ, ಮುಕುಡ್ಜೆಯ ಕಡೆ ಬೆರಳು ತೋರಿಸಿದರು. ಮುಕುಡ್ಜೆ ಎರಡನೇ ತರಗತಿಯಲ್ಲಿ ಬೇರುಬಿಟ್ಟ ಹುಡುಗ. ಉಳಿದವರು ಅವನ ಭುಜಕ್ಕೂ ಬರುತ್ತಿರಲಿಲ್ಲ. ಓದು ಅಂದರೆ ಬಾಯಿಗೆ ಬೀಗ.

"ಟರ್ಮ್ ಮುಗಿಯೋದ್ರೊಳಗೆ ಇವನು ಒಂದು ಪುಟ ಓದ್ಲಿ ಟೀಚರ್. ಇಲ್ದಿದ್ರೆ ಬೆಂಚು ಒಳಗೆ, ಗೋಣಿಚೀಲ ಹೊರಗೆ."

ಶಮಿಸೊ ಅವನನ್ನು ತವೊಂಗನ ಗುಂಪಿಗೆ ಹಾಕಿದಳು. ತವೊಂಗ ಗೇಣುದ್ದದ ಹುಡುಗ, ಮೂಗು ಸದಾ ಸುರಿಯುತ್ತಿರುತ್ತದೆ, ಆದರೆ ಓದಿನಲ್ಲಿ ಅವನನ್ನು ಮೀರಿಸುವವರಿಲ್ಲ. ವಾರಗಳು ಕಳೆದವು. ಮುಕುಡ್ಜೆ ಮುಚ್ಚಳ ಹೊತ್ತು ತಂದ, ಚೀಲ ಕೊಡವಿ ಹಾಸಿದ, ಒಂದಕ್ಷರ ಓದಲಿಲ್ಲ. "ಎಷ್ಟು ಒಳ್ಳೇ ಹುಡುಗ, ಆದ್ರೆ ಬಾಯೇ ಬಿಡಲ್ಲ," ಎಂದು ಶಮಿಸೊ ಕೊರಗಿ ಊಟ ಬಿಡುವ ಹಂತಕ್ಕೆ ಬಂದಳು.

ಸೀಮೆಸುಣ್ಣ ಕೇಳಲು ಹೋದ ದಿನ ನಾನು ನೋಡಿದೆ. ತವೊಂಗ ಚಕ್ಕಳಮಕ್ಕಳ ಹಾಕಿ ಕೂತು, "ಅಳಿಯಾ, ಮರಳು ಸಮ ಮಾಡು," ಅನ್ನುತ್ತಿದ್ದ. ಮುಕುಡ್ಜೆ ಕುಕ್ಕರಗಾಲಿನಲ್ಲಿ ಕೂತು, ಮೆಲ್ಲಗೆ ಚಪ್ಪಾಳೆ ತಟ್ಟಿ, "ಆಗ್ಲಿ ಮಾವ," ಅಂದ.

"ನೀನೂ ಒಂದ್ಸಲ ಓದೋ," ಅಂದೆ.

"ಮಾವ ಓದ್ತಿರುವಾಗ ನಾನು ಮಧ್ಯೆ ಬಾಯಿ ಹಾಕೋದಾ ಟೀಚರ್?"

ಮುಕುಡ್ಜೆಯ ಅಣ್ಣ ತವೊಂಗನ ಅಕ್ಕನನ್ನು ಮದುವೆಯಾಗಿ, ವಧುದಕ್ಷಿಣೆಯ ಹಸುಗಳನ್ನು ಹೊಡೆದುಕೊಂಡು ಹೋಗಿ ಕೊಟ್ಟದ್ದು ಕಳೆದ ರಜೆಯಲ್ಲಿ. ಹೆಣ್ಣು ಕೊಟ್ಟ ಮನೆಯವರೆಲ್ಲ ನಮಗೆ ಮಾವಂದಿರೇ, ತೊಟ್ಟಿಲ ಕೂಸೂ ಸೇರಿ. ಅವರೆದುರು ಅಳಿಯನ ಮನೆಯವರ ಕೆಲಸ ಸೌದೆ ಒಡೆಯುವುದು, ನೀರು ಹೊರುವುದು, ತಗ್ಗಿ ಕೂತು ಗೌರವಕ್ಕೆ ಚಪ್ಪಾಳೆ ತಟ್ಟುವುದು.

ನಾನು ಇದನ್ನು ಹೇಳಿದಾಗ ಶಮಿಸೊ ಹಣೆ ಚಚ್ಚಿಕೊಂಡಳು. "ಗುಂಪು ಮಾಡೋದು ಕಾಲೇಜಲ್ಲಿ ಕಲಿಸಿದ್ರು ಮಾಯಿ ಕುಂಡಾಯ್. ಬೀಗರನ್ನ ಬೇರೆ ಮಾಡೋದು ಕಲಿಸ್ಲಿಲ್ಲ."

ಮರುದಿನವೇ ಮುಕುಡ್ಜೆ ಬೇರೆ ಗುಂಪಿಗೆ ಹೋದ. ಅಲ್ಲಿದ್ದ ಅಣ್ಣತಮ್ಮಂದಿರಿಬ್ಬರು ಅವನ ಸ್ವಂತ ಅಕ್ಕನನ್ನು ತಂದುಕೊಂಡ ಮನೆಯವರು. ಈಗ ಮಾವ ಇವನು. ಆದರೆ ಪ್ರತಿ ಮೂಲೆಯಲ್ಲೂ ಏನು ಮಾಡಬೇಕೆಂದು ರಟ್ಟಿನ ಮೇಲೆ ಬರೆದಿರುತ್ತಿತ್ತು, ಗುಂಪಿನ ಹಿರಿಯ ಅದನ್ನು ಓದಿ ಹೇಳಬೇಕು. ಮಾವನಾದವನು ಅಳಿಯನನ್ನು "ಇದೇನೋ ಬರೆದಿದೆ" ಎಂದು ಕೇಳಿದರೆ ಮಾನ ಉಳಿಯುತ್ತದೆಯೇ? ಮುಕುಡ್ಜೆ ಊಟದ ಬಿಡುವಿನಲ್ಲಿ ರಟ್ಟನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ಶಮಿಸೊ ಹತ್ತಿರ ಕದ್ದು ಬರತೊಡಗಿದ. ಕೆಲವೇ ದಿನಗಳಲ್ಲಿ ಅವನ ದನಿ ಗೋಡೆ ದಾಟಿ ನನ್ನ ತರಗತಿಗೂ ಕೇಳಿಸಿತು: "ಮೂರು ಪದ ಕಟ್ಟಿ ಅಂತ ಬರ್ದಿದೆ ಅಳಿಯಾ. ನೀನು ಎರಡೇ ಕಟ್ಟಿದ್ದೀಯ. ಮಿಕ್ಕಿದ್ದು ಯಾರು ಕಟ್ತಾರೆ, ನಿಮ್ಮಪ್ಪನಾ?"

ಟರ್ಮ್ ಮುಗಿಯಿತು. ಹೆಡ್ ಮಾಸ್ಟರ್ ಅವನನ್ನು ಆಫೀಸಿಗೆ ಕರೆಸಿ, ಮೇಜಿನಾಚೆಯಿಂದ ಪುಸ್ತಕ ಚಾಚಿದರು. ಮುಕುಡ್ಜೆ ತನ್ನ ಕಾಲ್ಬೆರಳು ನೋಡುತ್ತ ನಿಂತ. ಮತ್ತೆ ಬೀಗ. ಬಾಗಿಲಲ್ಲಿ ನನ್ನ ಪಕ್ಕ ನಿಂತಿದ್ದ ಶಮಿಸೊಳ ಮುಖದಲ್ಲಿ ರಕ್ತವಿರಲಿಲ್ಲ. ಪಕ್ಕದ ಕೋಣೆಯ ಆ ಗದ್ದಲ ನನಗೆ ಅಷ್ಟು ಬೇಕಾಗಿದೆಯೆಂದು ಆವತ್ತೇ ತಿಳಿದದ್ದು.

ಏಳನೇ ತರಗತಿಯ ಹುಡುಗರಿಂದ ಬೆಂಚು ಹೊರಿಸಿಕೊಂಡು ಹೆಡ್ ಮಾಸ್ಟರ್ ಬಂದೇಬಿಟ್ಟರು. ಮುಕುಡ್ಜೆ ಅಷ್ಟರಲ್ಲಿ ತನ್ನ ಗೋಣಿಚೀಲದ ಮೇಲೆ ಹೋಗಿ ಕೂತಿದ್ದ, ಆಫೀಸಿನಿಂದ ತಂದ ಅದೇ ಪುಸ್ತಕ ತೊಡೆಯ ಮೇಲೆ. ತಲೆಯೆತ್ತಿ ನೋಡಿದ.

"ಅಳಿಯಂದ್ರು ನಿಂತೇ ಇರ್ತಾರಾ?" ಅಂದ.

ಹೆಡ್ ಮಾಸ್ಟರರ ಹೆಂಡತಿ ಮುಕುಡ್ಜೆಯ ಸೋದರತ್ತೆ, ನಮ್ಮ ಲೆಕ್ಕದಲ್ಲಿ ಈ ಹುಡುಗ ಅವರಿಗೆ ಮಾವ. ಊರಿಗೆಲ್ಲ ಗೊತ್ತಿದ್ದದ್ದೇ, ಶಾಲೆಯ ಗೇಟಿನೊಳಗೆ ಮಾತ್ರ ಯಾರೂ ಅದನ್ನು ತರುತ್ತಿರಲಿಲ್ಲ. ಹೆಡ್ ಮಾಸ್ಟರ್ ನನ್ನನ್ನು ನೋಡಿದರು, ಬಾಗಿಲು ನೋಡಿದರು. ಇಷ್ಟು ಮಕ್ಕಳು ಕೇಳಿಸಿಕೊಂಡ ಮೇಲೆ ಸಂಜೆಯೊಳಗೆ ಸುದ್ದಿ ಹೆಂಡತಿಗೆ ಮುಟ್ಟದೆ ಇರುತ್ತದೆಯೇ? ಹ್ಯಾಟು ತೆಗೆದು, ಕುಕ್ಕರಗಾಲಿನಲ್ಲಿ ಕೂತು, ಮೆಲ್ಲಗೆ ಚಪ್ಪಾಳೆ ತಟ್ಟಿದರು.

ಮುಕುಡ್ಜೆ ಓದಿದ. ಬಾವಿಗೆ ಬಿದ್ದ ಮೇಕೆಯ ಕಥೆ. ಒಂದು ಪದಕ್ಕೆ ಎಡವಿದ. ತವೊಂಗ ಹೇಳಿಕೊಡಲು ಬಾಯಿ ತೆರೆದ. ಶಮಿಸೊ ಅವನ ಬಾಯಿ ಮುಚ್ಚಿ ಹಿಡಿದಳು. ಮುಕುಡ್ಜೆ ಹಿಂದಕ್ಕೆ ಹೋಗಿ, ಅಕ್ಷರ ಕೂಡಿಸಿ, ದಾಟಿದ. ಪುಟ ಮುಗಿಯುವಾಗ ಶಮಿಸೊ ಮರೆಮಾಚದೆ ಅಳುತ್ತಿದ್ದಳು. ನಾನೂ ಅತ್ತೆ.

ಹೆಡ್ ಮಾಸ್ಟರ್ ಮೊಣಕಾಲಿಗೆ ಕೈಯೂರಿ ಏಳಹೊರಟರು.

"ಕೂತ್ಕೊಳ್ಳಿ ಅಳಿಯಂದ್ರೇ," ಅಂದ ಮುಕುಡ್ಜೆ. "ಮೇಕೆ ಇನ್ನೂ ಬಾವೀಲೇ ಇದೆ."

ಹೆಡ್ ಮಾಸ್ಟರ್ ಬೆಂಚು ಹೊತ್ತ ಹುಡುಗರಿಗೆ ಹಿಂದಕ್ಕೆ ಹೋಗುವಂತೆ ಕೈಸನ್ನೆ ಮಾಡಿ, ಮತ್ತೆ ಕೂತರು. ಮುಕುಡ್ಜೆ ಪುಟ ತಿರುಗಿಸಿದ.