ಲೋಸಾ ಅಜ್ಜಿಯ "ಅವೇ"

ಚಾಪೆ ಹೆಣೆಯುವುದು ಮಸೀನಾಳ ಕೈಗೆ ಒಲಿಯಲೇ ಇಲ್ಲ. ಸವಾಯಿ ದ್ವೀಪದ ಹೆಣ್ಣಿಗೆ ಇದಕ್ಕಿಂತ ನಾಚಿಕೆಗೇಡು ಬೇರೆ ಬೇಕೇ? ಎಂಟನೇ ವಯಸ್ಸಿನಲ್ಲಿ ಅವಳು ಹೆಣೆದ ಮೊದಲ ಚಾಪೆ ನೋಡಿ ಲೋಸಾ ಅಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

"ಇದರ ಮೇಲೆ ಹಂದೀನೂ ಮಲಗಲ್ಲ ಕಣೇ! ಕೈ ಸೊಟ್ಟ ಆದ್ರೂ ನಿನ್ನ ನಾಲಿಗೆ ನೆಟ್ಟಗಿದೆ. ನಾವು ಹೆಣೀತೀವಿ, ನೀನು ಕತೆ ಹೇಳು."

ಅಂದಿನಿಂದ ಹೆಂಗಸರು ಹೆಣೆಯಲು ಕೂತಾಗ ಕತೆಯೇ ಅವಳ ಪಾಲಿನ ಕೆಲಸವಾಯಿತು. ಕೇಳುವವರು ನಡುನಡುವೆ "ಅವೇ" ಎನ್ನಬೇಕು; ಆ ದ್ವೀಪದಲ್ಲಿ ಹೂಂಗುಟ್ಟುವುದು ಹಾಗೆ. "ಅವೇ" ನಿಂತರೆ ಕತೆ ಕೆಟ್ಟಿತೆಂದೇ ಅರ್ಥ. ಯಾವ ಕಾಲೇಜೂ ಅವಳಿಗೆ ಇಷ್ಟು ಚೆನ್ನಾಗಿ ಪಾಠ ಹೇಳಲಿಲ್ಲ.

ಮೂವತ್ತು ದಾಟಿದ ಮೇಲೆ ಮೊದಲ ಕಾದಂಬರಿಗೆ ಕೈಹಾಕಿದಳು. ಬರೆಯಲಿ ಎಂದು ಮನೆಯವರು ಎರಡು ವರ್ಷ ಅವಳಿಗೆ ಅಡುಗೆಯ ಟಾರೋ ಗೆಡ್ಡೆ ಸುಲಿಯಲೂ ಬಿಡಲಿಲ್ಲ. ಕೊನೆಯ ಅಧ್ಯಾಯ ನಾಳೆ ಬೆಳಗಿನ ಹಡಗಿನಲ್ಲಿ ಆಪಿಯಾ ಪಟ್ಟಣದ ಪ್ರಕಾಶಕರಿಗೆ ಹೋಗಬೇಕು. ಅದು ಕೆಟ್ಟರೆ ಎಲ್ಲರ ಶ್ರಮವೂ ನೀರುಪಾಲು. ಮಧ್ಯಾಹ್ನ ಹೆಂಗಸರ ನಡುವೆ ಕೂತು ಓದತೊಡಗಿದಳು. ಕತೆಯ ಹುಡುಗಿ ಊರು ಬಿಟ್ಟು, ಹಡಗುಕಟ್ಟೆಯಲ್ಲಿ ಒಬ್ಬಳೇ ನಿಂತಳು. "ಅವೇ" ಥಟ್ಟನೆ ನಿಂತಿತು. ಮಸೀನಾ ತಲೆಯೆತ್ತಿ ನೋಡಿದಳು.

"ಅಜ್ಜೀ, ನಿದ್ದೆ ಬಂತಾ?"

"ನಿದ್ದೆ ಎಲ್ಲಿಂದ ಬರತ್ತೆ? ಈ ಹುಡುಗಿಗೆ ಹಿಂದೆ ಮುಂದೆ ಯಾರೂ ಇಲ್ವಾ?"

"ಇದ್ದಾರಲ್ಲ, ಹದಿನೇಳು ಜನ."

"ಮತ್ತೆ ಒಬ್ಬಳೇ ಯಾಕೆ ನಿಂತಿದಾಳೆ? ಉಳಿದವರೆಲ್ಲ ಎಲ್ಲಿ ಹಾಳಾಗಿ ಹೋದ್ರು?"

"ಪುಸ್ತಕದಲ್ಲಿ ಹಾಗೇ ಇರತ್ತೆ ಅಜ್ಜಿ. ಒಬ್ಬಳೇ ಇದ್ರೆ ಓದೋರ ಕರುಳು ಚುರುಕ್ ಅನ್ನತ್ತೆ."

"ಯಾವಳ ಪುಸ್ತಕದಲ್ಲಿ? ನೀನು ಓದಕ್ಕೆ ಆಕ್ಲೆಂಡಿಗೆ ಹೊರಟಾಗ ಹಡಗುಕಟ್ಟೆಗೆ ಯಾರ್ಯಾರು ಬಂದಿದ್ರು, ಹೇಳು."

ಚಿಕ್ಕಮ್ಮ ಫೆತೂ ಬಾಯಿ ಹಾಕಿದಳು. "ಒಂದು ಬಸ್ಸು ತುಂಬ ಬಂದಿದ್ವಿ! ನಿಮ್ಮ ಚಿಕ್ಕಪ್ಪ ಅತ್ತೂ ಅತ್ತೂ ಟೋಪಿ ಸಮುದ್ರಕ್ಕೆ ಬೀಳಿಸ್ಕೊಂಡ್ರಲ್ಲ, ಮರೆತ್ಯಾ?"

ಮಸೀನಾ ಮರೆತಿರಲಿಲ್ಲ. ಅಂದು ನಾಚಿಕೆಯಿಂದ ಕುಗ್ಗಿಹೋಗಿದ್ದಳು. ಆದರೆ ಆಕ್ಲೆಂಡಿನ ಚಳಿಯಲ್ಲಿ ಅವಳನ್ನು ಬೆಚ್ಚಗಿಟ್ಟಿದ್ದು ಅದೇ ಗದ್ದಲದ ನೆನಪು. ಅದನ್ನೇ ಬಿಟ್ಟು ಬರೆದ ತನ್ನ ಬುದ್ಧಿಗೆ ಏನು ಹೇಳೋಣ ಎಂದು ನಕ್ಕುಬಿಟ್ಟಳು.

ಅಲ್ಲೇ ಕೂತು, ಸಂಜೆಯ ಪ್ರಾರ್ಥನೆಯ ಗಂಟೆಗೆ ಮೊದಲೇ ಅಧ್ಯಾಯವನ್ನು ತಿದ್ದಿ ಮತ್ತೆ ಓದಿದಳು. ಈ ಸಲ ಹಡಗುಕಟ್ಟೆಯ ಮೇಲೆ ಹದಿನೇಳು ಜನರೂ ಇದ್ದರು. ಟೋಪಿಯೂ ನೀರಿಗೆ ಬಿತ್ತು. ನಾಲ್ಕೂ ಕಡೆಯಿಂದ "ಅವೇ, ಅವೇ" ಎಂಬ ಕೂಗೆದ್ದಿತು. ಅಜ್ಜಿ ಮಾತ್ರ ತುಟಿ ಬಿಚ್ಚಲಿಲ್ಲ.

ಮಸೀನಾ ಹಾಳೆಗಳನ್ನು ಕೆಳಗಿಟ್ಟಳು. "ಅಜ್ಜೀ, ಈಗಲೂ ಸರಿಯಿಲ್ವಾ?"

ಅಜ್ಜಿಯ ಕೆನ್ನೆ ಒದ್ದೆಯಾಗಿತ್ತು. "ನಾನು ಅವೇ ಅಂದ್ರೆ ನೀನು ಮುಂದಕ್ಕೆ ಓದ್ತೀಯ. ಹಡಗು ಹೊರಟುಬಿಡತ್ತೆ. ಒಂದು ಚೂರು ತಡಿಯೇ."

ಮಸೀನಾ ಕಾದಳು. ಎಲ್ಲರೂ ಕಾದರು. ಆಮೇಲೆ ಅಜ್ಜಿ ಮೂಗೊರೆಸಿಕೊಂಡು ಗಟ್ಟಿಯಾಗಿ "ಅವೇ" ಎಂದಳು.